ರೋಬೋಗೆ ಮೊದಲು ನೋಟಿಸ್ ಬರಲಿ!

ಬಿಡದಿಯ ಕಾರು ಮತ್ತು ಬಿಡಿಭಾಗ ಕಾರ್ಖಾನೆಗಳ ಕಾಯಂ, ಗುತ್ತಿಗೆ, ಟ್ರೈನಿ, ಅಪ್ರೆಂಟಿಸ್ ಕಾರ್ಮಿಕ ಬಂಧುಗಳೇ,

ವೆಲ್ಡ್ ಶಾಪ್, ಪೇಂಟ್ ಶಾಪ್‌ಗಳಲ್ಲಿ ರೋಬೋ ತೋಳುಗಳು ಹೆಚ್ಚುತ್ತಿವೆ. ಬಣ್ಣದ ಘಾಟು, ಬೆಂಕಿಯ ಕಿಡಿ, ಸೊಂಟ ಮುರಿಯುವ ಭಾರ ಯಂತ್ರದ ಪಾಲಾದರೆ ಬೇಡ ಎನ್ನುವವರು ನಮ್ಮಲ್ಲಿ ಯಾರೂ ಇಲ್ಲ. 1961ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಮೊದಲ ಕೈಗಾರಿಕಾ ರೋಬೋ ಕೂರಿಸಿದ್ದೂ ಅಚ್ಚಿನಿಂದ ಕಾದ ಲೋಹದ ತುಂಡು ಎತ್ತಿಡುವುದಕ್ಕೇ.

ಆದರೆ ರೋಬೋ ಬರುವುದು ಒಂದು ಶಾಪ್‌ಗೆ, ಅದರ ವೇಗ ಹಬ್ಬುವುದು ಇಡೀ ಲೈನಿಗೆ. ಬಾಡಿ ಬೇಗ ಹೊರಬಂದಷ್ಟೂ ಅಸೆಂಬ್ಲಿ ಬೇಗ ಓಡಬೇಕು. ವೈರಿಂಗ್ ಎಳೆಯುವುದು, ಡ್ಯಾಶ್‌ಬೋರ್ಡ್ ಅಡಿ ಬಗ್ಗಿ ಬೋಲ್ಟ್ ಬಿಗಿಯುವುದು ಇಂದಿಗೂ ಬಹುಪಾಲು ನಮ್ಮ ಕೈಯದೇ ಕೆಲಸ. ಟ್ಯಾಕ್ಟ್ ಟೈಮ್‌ನಲ್ಲಿ, ಅಂದರೆ ಒಂದೊಂದು ಕಾರಿಗೆ ಸಿಗುವ ಸಮಯದಲ್ಲಿ, ಎರಡು ಸೆಕೆಂಡ್ ಕಿತ್ತುಕೊಂಡರೆ ಆಫೀಸಿಗೆ ಅದು ಬರೀ ಲೆಕ್ಕ, ನಮಗೆ ಅದು ಬೆವರು ಒರೆಸಿಕೊಳ್ಳುತ್ತಿದ್ದ ಹೊತ್ತು.

ಅಮೆರಿಕದ ಓಹಿಯೋದ ಲಾರ್ಡ್ಸ್‌ಟೌನ್‌ನಲ್ಲಿ ಇದು ಹಿಂದೆಯೇ ನಡೆದಿದೆ. ವೆಲ್ಡಿಂಗಿಗೆ ರೋಬೋ ತಂದ ಅಲ್ಲಿನ ಕಾರ್ಖಾನೆ ಗಂಟೆಗೆ 100 ಕಾರಿನ ಗುರಿ ಇಟ್ಟಿತು. ಅಂದರೆ ಕಾರಿಗೆ 36 ಸೆಕೆಂಡ್! ಜನ ಕಡಿಮೆಯಾದರು, ಉಳಿದವರ ಹೊರೆ ಏರಿತು. 1972ರ ಮಾರ್ಚ್‌ನಲ್ಲಿ ಕಾರ್ಮಿಕರು ಮೂರು ವಾರ ಮುಷ್ಕರ ಹೂಡಿದರು. 2020ರ ನವೆಂಬರ್‌ನಲ್ಲಿ ನಮ್ಮ ಬಿಡದಿಯಲ್ಲೇ ಮುಷ್ಕರ, ಲಾಕೌಟ್ ಆದಾಗಲೂ ಕೆಲಸದ ಹೊರೆ ಕಾರ್ಮಿಕರ ಒಂದು ದೊಡ್ಡ ದೂರಾಗಿತ್ತು.

ಯಂತ್ರ ಬಂದು ಕೂತ ಮೇಲೆ ಕೂಗಿದರೆ ಕೇಳುವವರಿಲ್ಲ. ಅದಕ್ಕೇ ಕಾನೂನು ನಮಗೆ 21 ದಿನ ಕೊಟ್ಟಿದೆ. ಜನರನ್ನು ಕೆಲಸದಿಂದ ತೆಗೆಯಬೇಕಾಗುವಂಥ ಹೊಸ ಯಂತ್ರ, ಹೊಸ ವಿಧಾನ ತರುವ ಮಾಲೀಕರು ಮೊದಲೇ ನೋಟಿಸ್ ಕೊಟ್ಟು 21 ದಿನ ಕಾಯಬೇಕು. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿದ್ದ ಈ ಹಕ್ಕು, 2025ರ ನವೆಂಬರ್ 21ರಂದು ಜಾರಿಯಾದ ಕೈಗಾರಿಕಾ ಸಂಬಂಧ ಸಂಹಿತೆಯ 40ನೇ ಸೆಕ್ಷನ್‌ನಲ್ಲೂ ಇದೆ.

ಗುತ್ತಿಗೆ ಮತ್ತು ಟ್ರೈನಿ ಗೆಳೆಯರೇ, ನಿಮ್ಮ ವಿಷಯದಲ್ಲಿ ಕಾನೂನು ತೂತು ಬಿಟ್ಟಿದೆ. ಅವಧಿ ಮುಗಿಯಿತು ಎಂದು ಗೇಟ್‌ಪಾಸ್ ಹಿಂದಕ್ಕೆ ಪಡೆದರೆ ಅದು ‘ಉದ್ಯೋಗ ಕಡಿತ’ದ ಲೆಕ್ಕಕ್ಕೇ ಬಾರದು. ಯಂತ್ರ ಬಂದಾಗ ಮೊದಲು ಮನೆಗೆ ಹೋಗುವವರು ನೀವೇ. ಇನ್ನು ಉದ್ಯೋಗ ಕಡಿತಕ್ಕೆ ಒಳಗಾದವರಿಗೆ ಇದೇ ಸಂಹಿತೆಯ ಮರುಕೌಶಲ ನಿಧಿಯಿಂದ ಸಿಗುವುದು 15 ದಿನದ ಸಂಬಳ. ಅಷ್ಟರಲ್ಲಿ ಹೊಸ ಕಸುಬು ಕಲಿತು ಸಂಸಾರ ನಡೆಸಲು ಯಾರಿಗೆ ಸಾಧ್ಯ?

ಆದ್ದರಿಂದ ನಮ್ಮ ಬೇಡಿಕೆಗಳು:

1. ಯಾವ ಶಾಪ್‌ಗೆ ಎಷ್ಟು ರೋಬೋ, ಎಷ್ಟು ಜನರ ಕೆಲಸಕ್ಕೆ ಕುತ್ತು ಎಂಬುದು ಕನ್ನಡದಲ್ಲಿ ನೋಟಿಸ್ ಬೋರ್ಡಿಗೆ ಬರಲಿ.
2. ಯೂನಿಯನ್ ಒಪ್ಪದೆ ಟ್ಯಾಕ್ಟ್ ಟೈಮ್ ಬದಲಾಗಬಾರದು.
3. ರೋಬೋ ನಡೆಸುವ, ರಿಪೇರಿ ಮಾಡುವ ತರಬೇತಿ ಈಗಿರುವ ಕಾರ್ಮಿಕರಿಗೇ ಮೊದಲು ಸಿಗಲಿ, ಅದೂ ಸಂಬಳ ಸಹಿತ.
4. ಯಂತ್ರದ ನೆಪದಲ್ಲಿ ಗುತ್ತಿಗೆಯವರನ್ನು, ಟ್ರೈನಿಗಳನ್ನು ಕೈಬಿಡಬಾರದು.
5. ಹೆಚ್ಚಿದ ಉತ್ಪಾದನೆಯ ಲಾಭದಲ್ಲಿ ನಮಗೂ ಪಾಲು ಬೇಕು, ವಿರಾಮವೂ ಹೆಚ್ಚಬೇಕು.

ಇಂದಿನಿಂದಲೇ ನಿಮ್ಮ ಸ್ಟೇಷನ್ನಿನ ಟ್ಯಾಕ್ಟ್ ಟೈಮ್, ಅಲ್ಲಿ ದುಡಿಯುವವರ ಸಂಖ್ಯೆ ಬರೆದಿಡಿ. ಬದಲಾದ ದಿನವೇ ಯೂನಿಯನ್ ಪ್ರತಿನಿಧಿಗೆ ತಿಳಿಸಿ. ಯೂನಿಯನ್ ಇಲ್ಲದ ಕಡೆ ಹತ್ತು ಜನ ಸೇರಿ ನಮ್ಮ ಬಳಿ ಬನ್ನಿ.

ಈ ಭಾನುವಾರ ಬೆಳಿಗ್ಗೆ 10ಕ್ಕೆ ಬಿಡದಿ ಬಸ್ ನಿಲ್ದಾಣದ ಬಳಿ ಸಭೆ. ಬರೆದಿಟ್ಟ ಲೆಕ್ಕ ತನ್ನಿ, ಪಕ್ಕದ ಸ್ಟೇಷನ್ನಿನವರನ್ನೂ ಕರೆತನ್ನಿ.

ನೋಟಿಸ್ ಇಲ್ಲದೆ ಯಂತ್ರವಿಲ್ಲ! ಒಪ್ಪಂದವಿಲ್ಲದೆ ವೇಗವಿಲ್ಲ!

— ಬಿಡದಿಯ ಕಾರು ಕಾರ್ಖಾನೆ ಕಾರ್ಮಿಕರು