ಭೂಮಿಗೆ ಯಗಚಿ ಇಲ್ಲ

ಹಳೇಬೀಡಿಗೆ ಬರುವ ಪ್ರವಾಸಿಗರು ಹೊಯ್ಸಳೇಶ್ವರನ ಗೋಡೆಗಳನ್ನು ಕಂಡು ಬೆರಗಾಗುತ್ತಾರೆ. ಆದರೆ ಊರಿಗೆ ದೋರಸಮುದ್ರವೆಂಬ ಹಳೆಯ ಹೆಸರು ಬಂದುದು ಪಕ್ಕದ ಕೆರೆಯಿಂದ. ಕೆರೆಯ ನೀರಿಗೆ ಲೆಕ್ಕವಿತ್ತು. ಯಾವ ಗದ್ದೆಗೆ ಎಷ್ಟು ಹೊತ್ತು ನೀರೆಂಬುದನ್ನು ನಮ್ಮ ಸೀಮೆಯ ಊರುಗಳಲ್ಲಿ ನೀರುಗಂಟಿ ನೋಡಿಕೊಳ್ಳುತ್ತಿದ್ದನು. ಅವನಿಗೆ ಅಂಕಗಣಿತ ಬಾರದಿದ್ದರೂ, ಇದ್ದುದಕ್ಕಿಂತ ಹೆಚ್ಚು ಬಿಡಲಾಗದೆಂಬುದು ಚೆನ್ನಾಗಿ ತಿಳಿದಿದ್ದಿತು.

ಇಡೀ ಭೂಮಿಗೂ ಇಂಥದೊಂದು ಲೆಕ್ಕವನ್ನು 2009ರಲ್ಲಿ ಯೋಹಾನ್ ರಾಕ್‌ಸ್ಟ್ರೋಮ್ ಮತ್ತು ಅವರ ಸಂಗಡಿಗರು ಮುಂದಿಟ್ಟರು. ಹವಾಮಾನ, ಸಿಹಿನೀರು, ಜೀವವೈವಿಧ್ಯ, ಗೊಬ್ಬರದ ಸಾರಜನಕ ಮತ್ತು ರಂಜಕ ಮೊದಲಾಗಿ ಒಂಬತ್ತು ಎಲ್ಲೆಗಳನ್ನು ಅವರು ಗುರುತಿಸಿದರು. 2023ರ ಹೊತ್ತಿಗೆ ಆರು ಎಲ್ಲೆಗಳನ್ನು ದಾಟಿಯಾಗಿತ್ತು. 2025ರಲ್ಲಿ ಕಡಲಿನ ಆಮ್ಲೀಯತೆಯೂ ಸೇರಿ ಏಳಾದುವು.

ದಾಟಿದವರು ಯಾರು? 'ಮಾನವಕುಲ'ವೆಂದು ಉತ್ತರಿಸುವುದು ಸುಲಭ, ಆದರೆ ನ್ಯಾಯವಲ್ಲ. ವಿಲಿಯಂ ರೀಸ್ ಮತ್ತು ಮಥಿಸ್ ವಾಕರ್‌ನಾಗೆಲ್ 1990ರ ದಶಕದಲ್ಲಿ ರೂಪಿಸಿದ 'ಹೆಜ್ಜೆಗುರುತಿ'ನ ಲೆಕ್ಕದಂತೆ, ಭೂಮಿಯ ಫಲವತ್ತಾದ ನೆಲಜಲಗಳನ್ನು ಸಮನಾಗಿ ಹಂಚಿದರೆ ತಲೆಗೆ ಸುಮಾರು ಒಂದೂವರೆ ಹೆಕ್ಟೇರು ಬರುತ್ತದೆ. ಅಮೆರಿಕದವನು ಏಳಕ್ಕೂ ಹೆಚ್ಚು ಬಳಸುತ್ತಾನೆ; ಭಾರತೀಯನು ಒಂದರ ಆಸುಪಾಸು. ಬೆಳೆದವನಲ್ಲ, ಬಳಸಿದವನು ಹೊಣೆಯೆಂಬುದು ಈ ಲೆಕ್ಕದ ನೀತಿ. ಬೇಲೂರಿನ ಕಾಫಿಯನ್ನು ಇಟಲಿಯವನು ಕುಡಿದರೆ ಅದು ಇಟಲಿಯ ಖಾತೆಗೆ. ಇದು ಸರಿಯಾದುದೇ.

ಆದರೆ ನಮ್ಮವರು ಈ ಅಂಕಿಯನ್ನು ಹಿಡಿದು 'ನಾವು ಮಿತಿಯೊಳಗಿದ್ದೇವೆ' ಎಂದು ಹಿಗ್ಗುವುದನ್ನು ನಾನು ಒಪ್ಪಲಾರೆ. ಅದೇ ಲೆಕ್ಕದ ಇನ್ನೊಂದು ಸಾಲನ್ನೂ ಓದಬೇಕು: ಭಾರತದ ನೆಲ ತಲೆಗೆ ಕೊಡಬಲ್ಲದ್ದು ಅರ್ಧ ಹೆಕ್ಟೇರಿಗೂ ಕಡಿಮೆ; ನಾವು ಬಳಸುವುದು ಅದರ ಎರಡರಷ್ಟಕ್ಕೂ ಹೆಚ್ಚು. ಮೇಲಾಗಿ ಸರಾಸರಿಯೆಂಬುದು ಬಲು ಜಾಣ. ದೆಹಲಿಯ ಬಂಗಲೆಯವನನ್ನೂ ಜಾವಗಲ್ಲಿನ ಕೂಲಿಯವನನ್ನೂ ಕೂಡಿಸಿ ಭಾಗಿಸಿ, ಬಂಗಲೆಯವನಿಗೆ ಕೂಲಿಯವನ ಬಡತನದ ಮರೆಯನ್ನು ಕೊಡುತ್ತದೆ. ಅರಸೀಕೆರೆಯ ಕೊಬ್ಬರಿ ಉತ್ತರ ಹಿಂದೂಸ್ಥಾನಕ್ಕೆ ಹೋಗುತ್ತದೆ. ಕೊಂಡವನೂ ಭಾರತೀಯ, ಮಾರಿದವನೂ ಭಾರತೀಯನಾದುದರಿಂದ ದೇಶದ ಖಾತೆಯಲ್ಲಿ ಏನೂ ಕಾಣಿಸದು. ಅಂತರ್ಜಲವನ್ನು ಮಿತಿಮೀರಿ ಬಳಸಿದ ತಾಲ್ಲೂಕುಗಳ ಪಟ್ಟಿಯಲ್ಲಿ ಮಾತ್ರ ಅರಸೀಕೆರೆಯ ಹೆಸರು ಬಂದಿದೆ. ಒಣಗಿದ ಕೊಳವೆಬಾವಿಗೆ ರಾಷ್ಟ್ರೀಯ ಸರಾಸರಿಯಿಂದ ನೀರು ಬಾರದು.

ದೋರಸಮುದ್ರ ಬತ್ತಿದಾಗ ಈ ಸೀಮೆಯ ರೈತರು ಯಗಚಿಯ ನೀರಿಗಾಗಿ ಹೋರಾಡಿ ರಣಘಟ್ಟ ಯೋಜನೆಯನ್ನು ಕೇಳಿದರು. ಅವರ ಬೇಡಿಕೆ ನ್ಯಾಯವಾದುದು. ಕೆರೆಗೆ ಪಕ್ಕದಲ್ಲೊಂದು ಹೊಳೆಯಿತ್ತು. ಭೂಮಿ ಬತ್ತಿದರೆ ತೋಡು ತೋಡಿ ನೀರು ತರಲು ಪಕ್ಕದಲ್ಲಿ ಯಾವ ಯಗಚಿಯೂ ಇಲ್ಲ.

ಆದ್ದರಿಂದ ದೇಶದ ಲೆಕ್ಕದ ಜೊತೆಗೆ ತಾಲ್ಲೂಕಿನ ಲೆಕ್ಕವೂ ಬೇಕು. ನಮ್ಮ ಭೂಗೋಳ ಮತ್ತು ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಈ ಬೇಸಗೆಯಲ್ಲಿ ತಮ್ಮ ತಮ್ಮ ಊರಿನ ಕೊಳವೆಬಾವಿಗಳ ಆಳ, ಕೊಂಡ ಗೊಬ್ಬರದ ಮೂಟೆ, ಸಂತೆಗೆ ಹೋದ ತೆಂಗು, ಇವನ್ನು ಬರೆದು ತರಲಿ. ಗುರುಗಳು ತಿದ್ದಿಕೊಟ್ಟರೆ ಮುಂದಿನ ವರ್ಷದ ಸಂಚಿಕೆಯಲ್ಲಿ ಅಚ್ಚು ಹಾಕಿಸೋಣ.