ಅಧಿಸೂಚನೆ ಬೇಡದ ಓಟ

ರೋಣ, ನರಗುಂದ, ಗಜೇಂದ್ರಗಡದ ಕಡೆ ಬೆಳಗಿನ ಐದಕ್ಕೆ ರಸ್ತೆಯಲ್ಲಿ ಯಾರಾದರೂ ಓಡುತ್ತಿದ್ದರೆ, ಅವರು ಪೊಲೀಸ್ ಇಲ್ಲವೇ ಸೇನಾ ಭರ್ತಿಗೆ ತಯಾರಾಗುತ್ತಿದ್ದಾರೆ ಎಂದೇ ಅರ್ಥ. ನಾನೂ ಅವರಲ್ಲೊಬ್ಬ. ಕಾನ್‌ಸ್ಟೆಬಲ್ ಹುದ್ದೆಗೆ ಗಂಡುಮಕ್ಕಳು 1,600 ಮೀಟರ್ ಅನ್ನು 6 ನಿಮಿಷ 30 ಸೆಕೆಂಡ್‌ನಲ್ಲಿ ಓಡಬೇಕು. ಒಂದು ಸೆಕೆಂಡ್ ತಡವಾದರೆ ಮನೆಗೆ. ಅರ್ಧ ನಿಮಿಷ ಮೊದಲೇ ಮುಟ್ಟಿದರೂ ಹೆಚ್ಚಿನ ಅಂಕವಿಲ್ಲ, ಅರ್ಹತೆ ಅಷ್ಟೇ. ಅಧಿಸೂಚನೆ ಬಂದರೆ ಈ ಓಟಕ್ಕೊಂದು ಅರ್ಥ. ಬಾರದ ವರ್ಷಗಳಲ್ಲಿ ನಮ್ಮ ವಯಸ್ಸು ಮಾತ್ರ ಓಡುತ್ತದೆ.

ಕಳೆದ ವರ್ಷ ‘ಫಾಸ್ಟೆಸ್ಟ್ ನೋನ್ ಟೈಮ್’ ಎಂಬ ಮಾತು ಕಿವಿಗೆ ಬಿತ್ತು. ಬೆಟ್ಟದ ಒಂದು ದಾರಿಯನ್ನು, ಗೊತ್ತಿರುವ ಮಟ್ಟಿಗೆ, ಅತಿ ಕಡಿಮೆ ಹೊತ್ತಿನಲ್ಲಿ ಓಡಿ ಮುಗಿಸಿದ ದಾಖಲೆ ಅದು. ‘ಗೊತ್ತಿರುವ ಮಟ್ಟಿಗೆ’ ಎಂಬುದೇ ನನಗೆ ಹಿಡಿಸಿತು. ಕುರಿ ಕಾಯುವ ಹುಡುಗನೊಬ್ಬ ಅದಕ್ಕಿಂತ ಬೇಗ ಏರಿ ಇಳಿದಿರಬಹುದು, ಅವನ ಕೈಯಲ್ಲಿ ಗಡಿಯಾರ ಇರಲಿಲ್ಲ ಅಷ್ಟೇ. ಇದಕ್ಕೆ ಅರ್ಜಿ ಇಲ್ಲ, ಶುಲ್ಕ ಇಲ್ಲ, ವಯೋಮಿತಿ ಇಲ್ಲ. ಸ್ಪೇನ್‌ನ ಕಿಲಿಯನ್ ಜೋರ್ನೆಟ್ 2013ರಲ್ಲಿ 4,478 ಮೀಟರ್ ಎತ್ತರದ ಮ್ಯಾಟರ್‌ಹಾರ್ನ್ ಪರ್ವತವನ್ನು ಇಟಲಿಯ ಕಡೆಯಿಂದ ಏರಿ ಇಳಿದದ್ದು 2 ಗಂಟೆ 52 ನಿಮಿಷ 2 ಸೆಕೆಂಡ್‌ನಲ್ಲಿ. ಅವನು ಮುರಿದದ್ದು ಬ್ರೂನೊ ಬ್ರೂನೋಡ್ 1995ರಲ್ಲಿ ಮಾಡಿದ್ದ 3 ಗಂಟೆ 14 ನಿಮಿಷ 44 ಸೆಕೆಂಡ್‌ನ ದಾಖಲೆಯನ್ನು. ಹದಿನೆಂಟು ವರ್ಷ ಆ ಸಮಯ ಯಾರಿಗಾದರೂ ಕಾಯುತ್ತ ಕೂತಿತ್ತು.

ನಮ್ಮದು ಎರೆ ಭೂಮಿ. ಮಳೆಗಾಲದಲ್ಲಿ ಹೊಲದ ದಾರಿಗಿಳಿದರೆ ಬೂಟಿಗೆ ಕಿಲೋಗಟ್ಟಲೆ ಮಣ್ಣು. ಆದರೆ ಆ ಬಯಲಿನ ನಡುವೆಯೇ ನರಗುಂದದ ಗುಡ್ಡ ಎದ್ದು ನಿಂತಿದೆ, ಗಜೇಂದ್ರಗಡದ ಗುಡ್ಡಸಾಲು ಮಲಗಿದೆ. ಎರಡರ ಮೇಲೂ ಕೋಟೆ. ನರಗುಂದ ಎಂದರೆ 1858ರ ಬಾಬಾಸಾಹೇಬರ ಬಂಡಾಯ ನೆನಪಾಗುತ್ತದೆ. ಆ ಗುಡ್ಡವನ್ನು ಬುಡದಿಂದ ತುದಿಗೆ ಎಷ್ಟು ಹೊತ್ತಿನಲ್ಲಿ ಓಡಬಹುದೆಂದು ಕೇಳಿದರೆ ನನ್ನ ಗೆಳೆಯರ ಪೈಕಿ ಒಬ್ಬರಿಗೂ ಗೊತ್ತಿರಲಿಲ್ಲ.

ಹಾಗಾಗಿ ನಾವು ನಾಲ್ವರು ಗಜೇಂದ್ರಗಡದಲ್ಲಿ ಶುರು ಮಾಡಿದೆವು. ಗುಡ್ಡದ ಬುಡದ ಒಂದು ಬೇವಿನ ಮರದಿಂದ ಕೋಟೆ ಬಾಗಿಲಿನ ಕಲ್ಲು ಮುಟ್ಟಿ ಮತ್ತೆ ಮರಕ್ಕೆ. ನನ್ನ ಮೊದಲ ಸಮಯ 27 ನಿಮಿಷ ದಾಟಿತ್ತು, ಈಗ 24 ನಿಮಿಷ 12 ಸೆಕೆಂಡ್. ಏರುವಾಗ ಉಸಿರು ಹೋಗುತ್ತದೆ ನಿಜ, ಆದರೆ ಸಮಯ ಉಳಿಯುವುದೂ ಹೋಗುವುದೂ ಇಳಿಯುವಾಗ. ಇಳಿಜಾರಿನಲ್ಲಿ ತೊಡೆಯ ಸ್ನಾಯು ಹಿಗ್ಗುತ್ತಲೇ ಮೈಭಾರ ತಡೆಯಬೇಕು. ಮರುದಿನ ಮನೆಯ ಮೆಟ್ಟಿಲಿಳಿಯಲು ಗೋಡೆ ಹಿಡಿಯುವುದು ಅದಕ್ಕೇ. ಆಷಾಢದಲ್ಲಿ ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ತಿರುಗಿಸುವ ಗಾಳಿಯೇ ನಮ್ಮನ್ನೂ ಪಕ್ಕಕ್ಕೆ ತಳ್ಳುತ್ತದೆ. ಟ್ರ್ಯಾಕ್‌ನಲ್ಲಿ ವರ್ಷಗಟ್ಟಲೆ ಸುತ್ತಿದರೂ ಇಷ್ಟನ್ನು ಕಲಿತಿರಲಿಲ್ಲ.

“ಗುಡ್ಡಾ ಹತ್ತಿ ಇಳದರ ಪಗಾರ ಕೊಡ್ತಾರೇನೋ?” ಎಂದರು ಅಪ್ಪ.

“ಇಲ್ಲಪ್ಪಾ.”

“ಮತ್ತ?”

ಅವರ ಪ್ರಶ್ನೆ ತಪ್ಪಲ್ಲ. ನೌಕರಿಯ ಬದಲಿಗೆ ಇದನ್ನು ಮಾಡಿ ಎಂದು ನಾನೂ ಹೇಳುವುದಿಲ್ಲ. ಆದರೆ ಭರ್ತಿಯ ಓಟದಲ್ಲಿ ಗೆರೆ ಎಳೆದವರು ಬೇರೆಯವರು, ಕರೆಯಬೇಕಾದವರೂ ಬೇರೆಯವರು. ಕರೆಯದಿದ್ದರೆ ನಾಲ್ಕು ವರ್ಷದ ಬೆವರಿಗೆ ಒಂದು ಸಾಲಿನ ದಾಖಲೆಯೂ ಇಲ್ಲ. ಗುಡ್ಡದ 24 ನಿಮಿಷ 12 ಸೆಕೆಂಡ್ ಯಾವ ಪಟ್ಟಿ ರದ್ದಾದರೂ ರದ್ದಾಗುವುದಿಲ್ಲ. ಈ ಡಿಸೆಂಬರ್‌ಗೆ ನನ್ನ ವಯೋಮಿತಿ ಮುಗಿಯುತ್ತದೆ. ಆಮೇಲೂ ನಾನು ಓಡುವ ದಾರಿ ಇದು.

ಹೀಗೆಂದು ಕಂಡಕಂಡಲ್ಲಿ ಓಡುವುದಕ್ಕೆ ನನ್ನ ವಿರೋಧವಿದೆ. 2024ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಗ್ರ್ಯಾಂಡ್ ಟೀಟನ್ ಶಿಖರವನ್ನು ಮಿಚೆಲಿನೊ ಸನ್ಸೆರಿ ಎಂಬಾತ 2 ಗಂಟೆ 50 ನಿಮಿಷ 50 ಸೆಕೆಂಡ್‌ನಲ್ಲಿ ಏರಿಳಿದ. ಹಳೆಯ ದಾಖಲೆಗಿಂತ ಅದು ಬೇಗ. ಆದರೆ ಇಳಿಯುವಾಗ ಮುಚ್ಚಿದ್ದ ಒಂದು ಅಡ್ಡದಾರಿ ಹಿಡಿದಿದ್ದ. ದಾಖಲೆಯನ್ನು ಒಪ್ಪಲಿಲ್ಲ, ಮೇಲೆ ಮೊಕದ್ದಮೆ ಬೇರೆ. ಒಂದು ಅಡ್ಡದಾರಿಗೆ ಇಷ್ಟೊಂದೇ ಎನ್ನಿಸಬಹುದು. ನಮ್ಮ ಗುಡ್ಡದಲ್ಲಿ ನೋಡಿ: ಹತ್ತು ಜನ ತಿರುವು ತಪ್ಪಿಸಿ ನೇರ ಇಳಿದ ಕಡೆ ಹುಲ್ಲು ಸಾಯುತ್ತದೆ, ಮುಂದಿನ ಮಳೆಗೆ ಅಲ್ಲೇ ಕೊರಕಲು. ನಾವು ದಾರಿ ಬಿಡುವುದಿಲ್ಲ, ಫೋನಿನ ಜಿಪಿಎಸ್‌ನಲ್ಲಿ ಇಡೀ ಓಟ ದಾಖಲಾಗಬೇಕು, ನೀರು ಯಾರಾದರೂ ಕೊಟ್ಟರೆ ಅದನ್ನೂ ಬರೆಯಬೇಕು. ಕಾಲಕಾಲೇಶ್ವರನ ಮೆಟ್ಟಿಲುಗಳ ಮೇಲಂತೂ ಓಟ ಇಲ್ಲವೇ ಇಲ್ಲ. ಬರಿಗಾಲಲ್ಲಿ ಹತ್ತುವ ಅಜ್ಜಿಯನ್ನು ಬದಿಗೆ ಸರಿಸಿ ಮಾಡುವ ದಾಖಲೆ ಯಾರಿಗೆ ಬೇಕು? ರೀಲ್ಸ್‌ಗಾಗಿ ಕೋಟೆಗೋಡೆಯ ಮೇಲೆ ಓಡುವವರ ಬಗ್ಗೆ ಹೇಳದಿರುವುದೇ ಲೇಸು.

ನಮ್ಮ ನೋಟ್‌ಬುಕ್‌ನಲ್ಲಿ ಎರಡು ಕಾಲಂಗಳಿವೆ. ಗಂಡುಮಕ್ಕಳ ಕಡೆ ಹನ್ನೊಂದು ಹೆಸರು. ಹೆಣ್ಣುಮಕ್ಕಳ ಕಡೆ ಒಂದೂ ಇಲ್ಲ. ಅವರಿಗೆ ಕಸುವಿಲ್ಲವೆಂದಲ್ಲ. ನನ್ನ ತಂಗಿ ಭರ್ತಿಯ 400 ಮೀಟರ್ ಅನ್ನು 2 ನಿಮಿಷದ ಮಿತಿಗೆ ಬಹಳ ಮುಂಚೆಯೇ ಮುಗಿಸುತ್ತಾಳೆ. ಆದರೆ ನಸುಕಿನಲ್ಲಿ ಗುಡ್ಡಕ್ಕೆ ಹೆಣ್ಣುಮಕ್ಕಳನ್ನು ಯಾರ ಮನೆಯಲ್ಲೂ ಕಳಿಸುವುದಿಲ್ಲ. ಹೀಗಾಗಿ ಬರುವ ಭಾನುವಾರದಿಂದ ಓಟವನ್ನು ಬೆಳಕು ಹರಿದ ಮೇಲೆ, ಏಳಕ್ಕೆ ಇಟ್ಟಿದ್ದೇವೆ. ಬಿಸಿಲಿಗೆ ಎಲ್ಲರ ಸಮಯವೂ ಒಂದೆರಡು ನಿಮಿಷ ಹೆಚ್ಚಾದೀತು. ತಂಗಿಯ ಜೊತೆ ಅವಳ ಇಬ್ಬರು ಗೆಳತಿಯರು ಬರುತ್ತೇವೆಂದಿದ್ದಾರೆ. ಒಬ್ಬಳ ಅವ್ವ, ತಾನೂ ಬಂದು ಬೇವಿನ ಮರದ ಕೆಳಗೆ ಕೂರುತ್ತೇನೆ ಎಂಬ ಷರತ್ತು ಹಾಕಿದ್ದಾರೆ. ಗಡಿಯಾರ ಅವರ ಕೈಗೇ ಕೊಡುತ್ತೇವೆ.