ಎಷ್ಟು ದೂರದಿಂದ ಹೊಡೆಯಬೇಕು?

ಮದುವೆ ಜವಳಿಗೆಂದು ಹೈದರಾಬಾದಿನ ಸುಲ್ತಾನ್ ಬಜಾರಿಗೆ ಬರುವ ತಾಂಡೂರು, ನಾರಾಯಣಪೇಟೆ ಕಡೆಯ ಕನ್ನಡದವರನ್ನು ಬೆಳೆ ಹೇಗಿದೆ ಎಂದು ಕೇಳಿದರೆ ಮಳೆಗಿಂತ ಮೊದಲು ಕಾಡುಹಂದಿಯ ಮಾತು ಬರುತ್ತದೆ. ಒಂದೇ ರಾತ್ರಿಯಲ್ಲಿ ಜೋಳ, ಶೇಂಗಾ ನೆಲಸಮವಾದ ಸಂಕಟ ಸಣ್ಣದಲ್ಲ. ಹಂದಿ ಹೊಡೆಯಲು ಅನುಮತಿ ಬೇಡುವ ರೈತನನ್ನು ನಾನು ದೂರಲಾರೆ. ನನ್ನ ತಕರಾರು ಹೊಡೆಯುವ ದೂರದ ಬಗ್ಗೆ.

ಬ್ರಿಟಿಷ್ ಸಾಹೇಬರೂ ನವಾಬರೂ ಬೆಳೆಸಿದ ಶಿಕಾರಿಯ ಹೆಮ್ಮೆ ಹೈದರಾಬಾದಿನಲ್ಲಿ ಇನ್ನೂ ಆರಿಲ್ಲ. 2016ರ ಜೂನ್‌ನಲ್ಲಿ ಬಿಹಾರದ ಮೊಕಾಮಾದಲ್ಲಿ ಬೆಳೆ ಹಾಳುಮಾಡುತ್ತಿದ್ದ ಇನ್ನೂರಕ್ಕೂ ಹೆಚ್ಚು ನೀಲಗಾಯ್‌ಗಳನ್ನು ಹೊಡೆಯಲು ಹೋದವರು ಹೈದರಾಬಾದಿನ ಗುರಿಕಾರರು. ಅದಕ್ಕಾಗಿ ಆಗ ಒಂದೇ ಕೇಂದ್ರ ಸರ್ಕಾರದ ಸಚಿವರಾಗಿದ್ದ ಮೇನಕಾ ಗಾಂಧಿ ಮತ್ತು ಪ್ರಕಾಶ್ ಜಾವಡೇಕರ್ ಬಹಿರಂಗವಾಗಿ ಜಗಳವಾಡಿದರು. ಕೊಲ್ಲಬೇಕೇ ಬೇಡವೇ ಎಂಬಲ್ಲೇ ಚರ್ಚೆ ಮುಗಿಯಿತು. ಹೇಗೆ ಎಂದು ಯಾರೂ ಕೇಳಲಿಲ್ಲ.

ಅಮೆರಿಕದ ಬಯಲುಗಳಲ್ಲಿ ಪ್ರೇರಿ ಡಾಗ್ ಎಂಬ ಬಿಲವಾಸಿಗಳನ್ನು ಮುನ್ನೂರು, ನಾನೂರು ಮೀಟರ್ ಆಚೆಯಿಂದ ಹೊಡೆಯುವುದೇ ಒಂದು ಆಟ. ದುರ್ಬೀನು ಹಾಕಿದ ಕೋವಿ ಇಲ್ಲಿಯ ಕೆಲವರಿಗೂ ಆ ಆಸೆ ಹಚ್ಚಿದೆ. ಲೆಕ್ಕ ಹಾಕಿ ನೋಡೋಣ. ನೂರು ಮೀಟರಿನಲ್ಲಿ 8 ಸೆಂ.ಮೀ. ಅಗಲಕ್ಕೆ ಗುಂಡು ಚೆದರಿಸುವ ಕೋವಿ, ಮುನ್ನೂರರಲ್ಲಿ 24 ಸೆಂ.ಮೀ.ಗೆ ಚೆದರಿಸುತ್ತದೆ. ಹಂದಿಯ ಹೃದಯ, ಶ್ವಾಸಕೋಶದ ಜಾಗ ಹೆಚ್ಚೆಂದರೆ ಒಂದು ಗೇಣು. ಸರಾಸರಿ ಸೆಕೆಂಡಿಗೆ 700 ಮೀಟರ್ ಸಾಗುವ ಗುಂಡಿಗೂ ಆ ಮುನ್ನೂರು ಮೀಟರ್ ದಾಟಲು 0.4 ಸೆಕೆಂಡು ಬೇಕು. ಸೆಕೆಂಡಿಗೆ ಒಂದೂವರೆ ಮೀಟರ್ ನಡೆಯುವ ಹಂದಿ ಅಷ್ಟರಲ್ಲಿ 60 ಸೆಂ.ಮೀ. ಮುಂದೆ ಹೋಗಿರುತ್ತದೆ. ಎದೆಗೆ ಇಟ್ಟ ಗುರಿ ಹೊಟ್ಟೆಗೆ ತಾಗುತ್ತದೆ. ಗಾಳಿ, ಕತ್ತಲೆ, ಏರಿದ ಉಸಿರು ಈ ಲೆಕ್ಕದಲ್ಲಿ ಸೇರಿಲ್ಲ. ಕಾಗದದ ಗುರಿಗೆ ತಪ್ಪಿದರೆ ಇನ್ನೊಂದು ಗುಂಡು ಹಾಕಬಹುದು. ಹೊಟ್ಟೆಗೆ ಪೆಟ್ಟು ಬಿದ್ದ ಪ್ರಾಣಿ ಗಂಟೆಗಟ್ಟಲೆ ನರಳಿ ಸಾಯುತ್ತದೆ.

ಹೊಡೆಯುವ ಬಗೆಯ ಪ್ರಶ್ನೆಯನ್ನು ಕಾನೂನು ಅರ್ಧಕ್ಕೇ ಬಿಟ್ಟಿದೆ. 1972ರ ವನ್ಯಜೀವಿ ಕಾಯ್ದೆಯ ಪೀಡಕ ಪ್ರಾಣಿಗಳ ಪಟ್ಟಿಯಲ್ಲಿ ಕಾಗೆ, ಇಲಿ, ಹಣ್ಣು ತಿನ್ನುವ ಬಾವಲಿಗಳಿದ್ದವು. 2022ರ ತಿದ್ದುಪಡಿ ಆ ಪಟ್ಟಿಯನ್ನು ತೆಗೆದರೂ, ಒಂದು ಪ್ರದೇಶಕ್ಕೆ, ಒಂದು ಅವಧಿಗೆ ಪ್ರಾಣಿಯನ್ನು ಪೀಡಕವೆಂದು ಘೋಷಿಸುವ 62ನೇ ಕಲಮು ಉಳಿಯಿತು. ಹಾಗೆ ಘೋಷಿಸಿದ ಮಾತ್ರಕ್ಕೆ ಪ್ರಾಣಿಯ ನೋವು ಕಡಿಮೆಯಾಗುವುದಿಲ್ಲ. 2019ರಲ್ಲಿ ಬಿಹಾರದ ವೈಶಾಲಿ ಜಿಲ್ಲೆಯಲ್ಲಿ ಗುಂಡೇಟು ತಿಂದು ಇನ್ನೂ ಜೀವವಿದ್ದ ನೀಲಗಾಯನ್ನು ಜೆಸಿಬಿಯಿಂದ ಗುಂಡಿಗೆ ತಳ್ಳಿ ಮಣ್ಣು ಮುಚ್ಚಿದ ವಿಡಿಯೊ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದ್ದರಿಂದ ಅನುಮತಿ ಪತ್ರದಲ್ಲಿ ಗರಿಷ್ಠ ದೂರವನ್ನೂ ಬರೆಯಬೇಕು. ಹಗಲಿನಲ್ಲಿ ಗುರಿಹಲಗೆಯ ಮೇಲೆ ಸತತ ಐದು ಗುಂಡು ಗೇಣಿನೊಳಗೆ ಹಾಕಿ ತೋರಿಸಿದವನಿಗೆ ಮಾತ್ರ, ಅವನು ತೋರಿಸಿದ ದೂರಕ್ಕೆ ಮಾತ್ರ ಅನುಮತಿ ಸಿಗಲಿ. ನಿಂತ ಹಂದಿಗೆ ಮಾತ್ರ, ಹಿಂದೆ ದಿಬ್ಬವಿದ್ದರೆ ಮಾತ್ರ ಹೊಡೆಯಲಿ. ಬಿದ್ದವುಗಳ ಲೆಕ್ಕದ ಪಕ್ಕದಲ್ಲಿ ಗಾಯಗೊಂಡು ತಪ್ಪಿಸಿಕೊಂಡವುಗಳ ಲೆಕ್ಕವೂ ಇರಲಿ. ರಕ್ತದ ಜಾಡು ಹಿಡಿದು ಅವುಗಳನ್ನು ಹುಡುಕುವ ಕೆಲಸ ಗುಂಡು ಹಾರಿಸಿದವನದೇ ಆಗಲಿ. ಅವನು ರಾತ್ರಿಯೇ ಜೀಪು ಹತ್ತಿ ನಗರಕ್ಕೆ ಮರಳಿದರೆ, ಕರುಳು ಹರಿದ ಹಂದಿ ತೊಗರಿಯ ಸಾಲಿನಲ್ಲಿ ಬಿದ್ದಿರುತ್ತದೆ. ಬೆಳಿಗ್ಗೆ ಕುಡುಗೋಲು ಹಿಡಿದು ಆ ಸಾಲಿಗೆ ಇಳಿಯುವವಳು ಕೂಲಿಯ ಹೆಣ್ಣುಮಗಳು.